ಫ್ಲಾಟ್ ಪತ್ರದಲ್ಲಿ ನಿಮ್ಮ ಮನೆಯ ವಿವರಣೆ: ಮುಂಬೈ, ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲಾಟ್ ಕೊಳ್ಳುವವರು ಬೆಲೆ, ಸಾಲದ ಕಂತು, ಕೀಲಿ ಕೈಗೆ ಸಿಗುವ ತಾರೀಕು ಇವನ್ನೆಲ್ಲ ಹತ್ತು ಸಲ ನೋಡುತ್ತಾರೆ. ಅಗ್ರಿಮೆಂಟಿನ ಕೊನೆಯಲ್ಲಿರುವ ಷೆಡ್ಯೂಲನ್ನು ಮಾತ್ರ ಓದದೇ ಸಹಿ ಹಾಕುತ್ತಾರೆ. ನೀವು ಕೊಂಡದ್ದು ಏನು, ಎಲ್ಲಿದೆ, ಎಷ್ಟಿದೆ ಅಂತ ಹೇಳುವ ಭಾಗ ಅದೊಂದೇ. ಮಾರುವಾಗ, ಮಕ್ಕಳ ಹೆಸರಿಗೆ ಮಾಡುವಾಗ, ಕಟ್ಟಡ ಒಡೆದು ಹೊಸದು ಕಟ್ಟುವಾಗ ಎಲ್ಲರೂ ತೆರೆದು ನೋಡುವುದು ಅದನ್ನೇ. ಊರಿಂದ ಬಂದು ಇಲ್ಲಿ ಮನೆ ಮಾಡಿಕೊಂಡ ನಮ್ಮವರಿಗೆ ಇನ್ನೊಂದು ತೊಡಕಿದೆ. ಕರ್ನಾಟಕದ ಪತ್ರಗಳ ರೀತಿ ಬೇರೆ, ಮಹಾರಾಷ್ಟ್ರದ್ದು ಬೇರೆ. ಅಲ್ಲಿ ಕಂಡದ್ದನ್ನು ಇಲ್ಲಿ ಹುಡುಕಿದರೆ ಸಿಗುವುದಿಲ್ಲ.

ಷೆಡ್ಯೂಲ್‌ನಲ್ಲಿ ಏನೇನು ಇರಬೇಕು?

1908ರ ನೋಂದಣಿ ಕಾಯ್ದೆಯ 21ನೇ ಕಲಮು ಕೇಳುವುದು ಸರಳ: ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ ಇರಬೇಕು. ಪಟ್ಟಣದ ಮನೆಯಾದರೆ ಅದು ಯಾವ ರಸ್ತೆಯ ಯಾವ ಬದಿಗಿದೆ, ನಂಬರ್ ಇದ್ದರೆ ಎಷ್ಟು ಅಂತ ಬರೆಯಬೇಕು ಎಂದೂ ಅದೇ ಕಲಮು ಹೇಳುತ್ತದೆ.

ಇಲ್ಲಿನ ಅಗ್ರಿಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಎರಡು ಷೆಡ್ಯೂಲ್ ಇರುತ್ತವೆ. ಮೊದಲನೆಯದು ಜಮೀನಿನದು: ಗ್ರಾಮ, ತಾಲ್ಲೂಕು, ಜಿಲ್ಲೆ, ಸರ್ವೆ ಅಥವಾ ಸಿಟಿಎಸ್ (ನಗರದ ಜಮೀನಿನ ಸರ್ವೆ) ನಂಬರ್, ಚದರ ಮೀಟರ್‌ನಲ್ಲಿ ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ. ಎರಡನೆಯದು ಫ್ಲಾಟಿನದು: ಫ್ಲಾಟ್ ನಂಬರ್, ಮಹಡಿ, ವಿಂಗ್, ಕಟ್ಟಡದ ಹೆಸರು, ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆ). ಸಾಮಾನ್ಯ ಜಾಗಗಳಿಗೆ ಮೂರನೆಯದು ಇರುವುದೂ ಉಂಟು. ಜೊತೆಗೆ ನಿಮ್ಮ ಮಹಡಿಯ ನಕ್ಷೆ ಲಗತ್ತಾಗಿರಬೇಕು, ಅದರಲ್ಲಿ ನಿಮ್ಮ ಫ್ಲಾಟಿನ ಗೆರೆ ಬಣ್ಣದಲ್ಲಿ ತೋರಿಸಿರಬೇಕು. ನಕ್ಷೆ ಇಲ್ಲದ ಪತ್ರಕ್ಕೆ ಸಹಿ ಹಾಕಬೇಡಿ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಮಾತಿನ ವಿವರಣೆಗೆ ಎರಡು ಅರ್ಥ ಹುಟ್ಟಿದಾಗ ಆ ಬಣ್ಣದ ಗೆರೆಯೇ ಕೈಹಿಡಿಯುವುದು.

ನಮ್ಮ ಫ್ಲಾಟ್ ಡೊಂಬಿವಲಿಯಲ್ಲಿದೆ. ಪತ್ರದಲ್ಲಿ ಯಾವುದೋ ಹಳ್ಳಿಯ ಹೆಸರಿದೆ. ತಪ್ಪಾಗಿದೆಯಾ?

ತಪ್ಪಿಲ್ಲ. ಕಂದಾಯದ ದಾಖಲೆಯಲ್ಲಿ ಹಳೆಯ ಗ್ರಾಮಗಳು ಹಾಗೆಯೇ ಉಳಿದಿವೆ. ಡೊಂಬಿವಲಿಯ ಎಷ್ಟೋ ಕಟ್ಟಡಗಳ ಪತ್ರದಲ್ಲಿ 'ಮೌಜೆ ಗಜಬಂಧನ ಪಾಥರ್ಲಿ, ತಾಲೂಕಾ ಕಲ್ಯಾಣ, ಜಿಲ್ಹಾ ಠಾಣೆ' ಅಂತ ಇರುತ್ತದೆ. ಮೌಜೆ ಅಂದರೆ ಗ್ರಾಮ. ಪವಾಯಿಯ ದೊಡ್ಡ ಕಟ್ಟಡಗಳು ಕಾಗದದ ಮೇಲೆ ಪವಾಯಿ, ತಿರಂದಾಜ್, ಕೋಪರಿ ಗ್ರಾಮಗಳಲ್ಲಿವೆ. ಮುಂಬೈ ಉಪನಗರ ಜಿಲ್ಲೆಗೆ ಇರುವುದು ಮೂರೇ ತಾಲ್ಲೂಕು: ಅಂಧೇರಿ, ಬೋರಿವಲಿ, ಕುರ್ಲಾ. ನಿಮ್ಮ ಅಂಚೆ ವಿಳಾಸ ಮುಲುಂಡ್ ಇರಬಹುದು, ತಾಲ್ಲೂಕು ಮಾತ್ರ ಕುರ್ಲಾ.

ಊರಿನ ಹೆಸರು, ಪಿನ್‌ಕೋಡ್ ಬದಲಾಗಬಹುದು. ಸ್ವತ್ತನ್ನು ಗುರುತಿಸುವುದು ಗ್ರಾಮ ಮತ್ತು ನಂಬರ್ ಸೇರಿ. ಎರಡು ಗ್ರಾಮಗಳಲ್ಲಿ ಒಂದೇ ಸರ್ವೆ ನಂಬರ್ ಇರುವುದು ತೀರಾ ಸಾಮಾನ್ಯ. ಹಾಗಾಗಿ ಗ್ರಾಮದ ಹೆಸರು ತಪ್ಪಾದರೆ ನಿಮ್ಮ ಪತ್ರ ಬೇರೆ ಯಾರದ್ದೋ ಜಮೀನಿಗೆ ಹೋಗಿ ಕೂರುತ್ತದೆ.

ಸಿಎಸ್, ಸಿಟಿಎಸ್, ಸರ್ವೆ, ಗಟ್, ಫೈನಲ್ ಪ್ಲಾಟ್... ಇಷ್ಟೊಂದು ನಂಬರ್ ಯಾಕೆ?

ಜಾಗ ಎಲ್ಲಿದೆ ಅನ್ನುವುದರ ಮೇಲೆ ನಂಬರಿನ ಜಾತಿ ಬದಲಾಗುತ್ತದೆ. ಕೊಲಾಬಾದಿಂದ ಮಾಹಿಮ್, ಸಯನ್ ತನಕದ ಹಳೆಯ ಮುಂಬೈಯಲ್ಲಿ ಸಿಎಸ್ ನಂಬರ್, ಅದರ ಜೊತೆಗೆ ಡಿವಿಷನ್ ಹೆಸರು: ಮಾಟುಂಗಾ ಡಿವಿಷನ್, ಲೋವರ್ ಪರೇಲ್ ಡಿವಿಷನ್ ಹೀಗೆ. ಉಪನಗರಕ್ಕೆ ಬಂದರೆ ಸಿಟಿಎಸ್ ನಂಬರ್. ಇವೆರಡಕ್ಕೂ ಮೂಲ ದಾಖಲೆ ಪ್ರಾಪರ್ಟಿ ಕಾರ್ಡ್. ಊರಾಚೆ ಸರ್ವೆ ನಂಬರ್ ಮತ್ತು ಹಿಸ್ಸಾ (ಅದರ ಉಪಭಾಗ), ಇಲ್ಲವೇ ಗಟ್ (ತುಂಡು ಜಮೀನು ಒಟ್ಟುಗೂಡಿಸಿ ಕೊಟ್ಟ) ನಂಬರ್. ಅವಕ್ಕೆ ಸಾತ್‌ಬಾರಾ ಉತಾರ, ಅಂದರೆ ನಮ್ಮ ಕಡೆಯ ಪಹಣಿ. ಟೌನ್ ಪ್ಲಾನಿಂಗ್ ಸ್ಕೀಮ್ ಆದ ಕಡೆ ಮಾತ್ರ ಫೈನಲ್ ಪ್ಲಾಟ್ ನಂಬರ್ ಇರುತ್ತದೆ. ಅಲ್ಲಿ ಸ್ಕೀಮಿನ ನಂಬರನ್ನೂ ಬರೆದಿರಬೇಕು.

ಒಂದೇ ಜಾಗಕ್ಕೆ ಹಳೆಯ ಸರ್ವೆ ನಂಬರ್, ಈಗಿನ ಸಿಟಿಎಸ್ ನಂಬರ್ ಎರಡೂ ಇದ್ದರೆ ಎರಡನ್ನೂ ಬರೆಸಿ. ಬಿಲ್ಡರ್‌ಗೆ ಜಮೀನು ಬಂದ ಹಳೆಯ ಕ್ರಯಪತ್ರದಲ್ಲಿ ಸರ್ವೆ ನಂಬರ್ ಇರುತ್ತದೆ. ನಿಮ್ಮದರಲ್ಲಿ ಬರೀ ಸಿಟಿಎಸ್ ಇದ್ದರೆ ಎರಡಕ್ಕೂ ಕೊಂಡಿ ಸಿಗುವುದಿಲ್ಲ. ಜಮೀನು ಭಾಗವಾಗಿ 52ಎ, 52ಬಿ ಅಂತ ಆಗಿದ್ದರೂ ಹಾಗೆಯೇ. 'ಸಿಟಿಎಸ್ 52, ಭಾಗ' ಅಂತ ಅಷ್ಟೇ ಬರೆದಿದ್ದರೆ ಯಾವ ಭಾಗ, ಎಷ್ಟು ಚದರ ಮೀಟರ್ ಅಂತ ಕೇಳಲೇಬೇಕು.

ಬೆಂಗಳೂರಿನ ಪತ್ರದಲ್ಲಿ ಯುಡಿಎಸ್ (ಜಮೀನಿನ ಅವಿಭಜಿತ ಪಾಲು) ಇಷ್ಟು ಚದರ ಅಡಿ ಅಂತ ಇರುತ್ತೆ. ಮುಂಬೈ ಪತ್ರದಲ್ಲಿ ಇಲ್ವಲ್ಲ? ನಮಗೆ ಜಮೀನಿನಲ್ಲಿ ಪಾಲೇ ಇಲ್ವಾ?

ನಮ್ಮವರನ್ನು ಅತಿ ಹೆಚ್ಚು ಗಾಬರಿಪಡಿಸುವ ಪ್ರಶ್ನೆ ಇದು.

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಎ ಷೆಡ್ಯೂಲಿನಲ್ಲಿ ಇಡೀ ಜಮೀನು, ಬಿ ಷೆಡ್ಯೂಲಿನಲ್ಲಿ ಅದರಲ್ಲಿ ನಿಮ್ಮ ಅವಿಭಜಿತ ಪಾಲು, ಸಿ ಷೆಡ್ಯೂಲಿನಲ್ಲಿ ಫ್ಲಾಟ್. ಜಮೀನಿನ ಪಾಲು ನೇರವಾಗಿ ನಿಮ್ಮ ಹೆಸರಿಗೆ ಬರುತ್ತದೆ. ಮುಂಬೈಯಲ್ಲಿ ದಾರಿ ಬೇರೆ. 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲಾಟ್ಸ್ ಕಾಯ್ದೆಯ ಕಾಲದಿಂದ ಇಲ್ಲಿ ನಡೆದುಬಂದದ್ದು ಹೀಗೆ: ಕೊಳ್ಳುವವರು ಬಿಲ್ಡರ್ ಜೊತೆ ಫ್ಲಾಟಿನ ಅಗ್ರಿಮೆಂಟ್ ಮಾಡಿ ನೋಂದಣಿ ಮಾಡಿಸುತ್ತಾರೆ. ಎಲ್ಲರೂ ಸೇರಿ ಸಹಕಾರಿ ಸೊಸೈಟಿ ಕಟ್ಟುತ್ತಾರೆ. ಆಮೇಲೆ ಬಿಲ್ಡರ್ ಜಮೀನು ಮತ್ತು ಕಟ್ಟಡವನ್ನು ಕನ್ವೇಯನ್ಸ್ ಮೂಲಕ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಜಮೀನಿನ ಒಡೆತನ ಸೊಸೈಟಿಗೆ. ನಿಮ್ಮ ಕೈಗೆ ಬರುವುದು ಸೊಸೈಟಿಯ ಶೇರು ಮತ್ತು ಆ ಫ್ಲಾಟಿನ ಹಕ್ಕು.

ಆದ್ದರಿಂದ ಇಲ್ಲಿ ಫ್ಲಾಟ್ ಮಾರುವಾಗ ವಿವರಣೆಯಲ್ಲಿ ಶೇರುಗಳೂ ಬರಬೇಕು: '50 ರೂಪಾಯಿಯ 5 ಶೇರು, ಕ್ರಮ ಸಂಖ್ಯೆ 41ರಿಂದ 45, ಶೇರ್ ಸರ್ಟಿಫಿಕೇಟ್ ನಂಬರ್ 9' ಅನ್ನುವ ರೀತಿ. ಹೊಸ ಸೊಸೈಟಿಗಳಲ್ಲಿ 10 ಶೇರು ಇರುವುದು ಹೆಚ್ಚು. ಶೇರಿನ ಸಂಖ್ಯೆ ಬಿಟ್ಟುಹೋದ ಪತ್ರ ಅರ್ಧ ಪತ್ರ. ಬರೆದ ಸಂಖ್ಯೆಯನ್ನು ಸರ್ಟಿಫಿಕೇಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಂಕಿ ತಾಳೆ ನೋಡಿ.

ಬಿಲ್ಡರ್ ಜಮೀನು ಬರೆದುಕೊಡದೇ ಕೂತರೆ? ಅದಕ್ಕೇ ಡೀಮ್ಡ್ ಕನ್ವೇಯನ್ಸ್ ಇದೆ. ಸೊಸೈಟಿ ಜಿಲ್ಲಾ ಉಪ ನಿಬಂಧಕರ ಬಳಿ ಅರ್ಜಿ ಹಾಕಿದರೆ ಬಿಲ್ಡರ್‌ನ ಸಹಿ ಇಲ್ಲದೆಯೂ ಜಮೀನು ಸೊಸೈಟಿಗೆ ಬರಬಹುದು. ಎಷ್ಟು ಜಮೀನು ಅನ್ನುವ ಪ್ರಶ್ನೆ ಅಲ್ಲಿ ಬಂದಾಗ ನೋಡುವುದು ನಿಮ್ಮೆಲ್ಲರ ಅಗ್ರಿಮೆಂಟಿನ ಮೊದಲ ಷೆಡ್ಯೂಲನ್ನು, ಮಂಜೂರಾದ ನಕ್ಷೆಯನ್ನು. ಒಂದೇ ದೊಡ್ಡ ಪ್ಲಾಟಿನಲ್ಲಿ ನಾಲ್ಕೈದು ಕಟ್ಟಡ ಎದ್ದಿರುವ ಕಡೆ ಈ ಷೆಡ್ಯೂಲ್ ಅಸ್ಪಷ್ಟವಾಗಿದ್ದರೆ ಜಗಳ ವರ್ಷಗಟ್ಟಲೆ ಎಳೆಯುತ್ತದೆ. ನಿಮ್ಮ ಸೊಸೈಟಿಗೆ ಕನ್ವೇಯನ್ಸ್ ಆಗಿದೆಯಾ ಅಂತ ಇವತ್ತೇ ಸೆಕ್ರೆಟರಿಯನ್ನು ಕೇಳಿ.

ಪುಣೆಯಲ್ಲಿ ನನ್ನ ಅಣ್ಣನ ಫ್ಲಾಟಿಗೆ 'ಡೀಡ್ ಆಫ್ ಅಪಾರ್ಟ್‌ಮೆಂಟ್' ಇದೆ. ಅದರಲ್ಲಿ ಶೇಕಡಾ ಲೆಕ್ಕ ಬರೆದಿದೆ. ಅದೇನು?

ಅಣ್ಣನವರದ್ದು ಕಾಂಡೋಮಿನಿಯಂ. 1970ರ ಮಹಾರಾಷ್ಟ್ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಕೆಳಗೆ ಬರುತ್ತದೆ. ಪುಣೆಯಲ್ಲಿ ಈ ಪದ್ಧತಿ ಮುಂಬೈಗಿಂತ ಜಾಸ್ತಿ ಬಳಕೆಯಲ್ಲಿದೆ.

ಇದರಲ್ಲಿ ಮೊದಲು ಡಿಕ್ಲರೇಶನ್ ಅನ್ನುವ ಪತ್ರ ನೋಂದಣಿಯಾಗುತ್ತದೆ. ಜಮೀನು, ಕಟ್ಟಡ, ಪ್ರತಿ ಅಪಾರ್ಟ್‌ಮೆಂಟಿನ ನಂಬರ್, ಸಾಮಾನ್ಯ ಜಾಗಗಳು, ಕೆಲವರಿಗಷ್ಟೇ ಮೀಸಲಾದ ಜಾಗಗಳು, ಒಬ್ಬೊಬ್ಬರ ಶೇಕಡಾ ಪಾಲು ಎಲ್ಲವೂ ಅದರಲ್ಲಿ ಇರುತ್ತವೆ. ಅದಾದ ಮೇಲೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಡೀಡ್ ಆಫ್ ಅಪಾರ್ಟ್‌ಮೆಂಟ್. ಈ ಡೀಡಿನ ವಿವರಣೆ ಡಿಕ್ಲರೇಶನ್‌ಗೆ ಕೊಂಡಿ ಹಾಕಿಕೊಂಡೇ ನಿಲ್ಲುತ್ತದೆ. ಡಿಕ್ಲರೇಶನ್ ನೋಂದಣಿಯಾದ ನಂಬರ್ ಮತ್ತು ತಾರೀಕು, ಅಪಾರ್ಟ್‌ಮೆಂಟ್ ನಂಬರ್, ಅದು ವಾಸಕ್ಕೋ ಅಂಗಡಿಗೋ, ಶೇಕಡಾ ಪಾಲು ಎಷ್ಟು ಇವೆಲ್ಲ ಇರಬೇಕು, ಮಹಡಿಯ ನಕ್ಷೆಯೂ ಬೇಕು.

ಶೇಕಡಾ ಪಾಲು ಅಂದರೆ ಜಮೀನು, ಮೆಟ್ಟಿಲು, ಲಿಫ್ಟು, ಟೆರೇಸು ಇಂಥವುಗಳಲ್ಲಿ ನಿಮ್ಮ ಅವಿಭಜಿತ ಹಕ್ಕು. ಇಡೀ ಸ್ವತ್ತಿನ ಬೆಲೆಗೆ ನಿಮ್ಮ ಅಪಾರ್ಟ್‌ಮೆಂಟಿನ ಬೆಲೆ ಎಷ್ಟು ಪಾಲು ಅನ್ನುವ ಲೆಕ್ಕದಿಂದ ಅದು ಬರುತ್ತದೆ. ಎಲ್ಲ ಮಾಲೀಕರ ಒಪ್ಪಿಗೆ ಪಡೆದು ತಿದ್ದಿದ ಡಿಕ್ಲರೇಶನ್ ನೋಂದಣಿ ಮಾಡಿಸದೇ ಅದನ್ನು ಬದಲಾಯಿಸಲು ಆಗುವುದಿಲ್ಲ. ಫ್ಲಾಟ್ ಬಿಟ್ಟು ಪಾಲನ್ನಷ್ಟೇ ಮಾರಲೂ ಆಗುವುದಿಲ್ಲ. ಮಾರುವ ಪತ್ರದಲ್ಲಿ ಪಾಲಿನ ಮಾತು ಬಿಟ್ಟುಹೋದರೂ ಫ್ಲಾಟಿನ ಜೊತೆಗೇ ಅದು ಹೋಯಿತು ಅಂತಲೇ ಕಾಯ್ದೆ ತಿಳಿಯುತ್ತದೆ. ಇದು ನನಗೆ ಬಹಳ ಇಷ್ಟವಾದ ನಿಯಮ. ಬರೆಯುವವರ ಮರೆವಿನಿಂದ ಕೊಂಡವರು ಬೀದಿಗೆ ಬೀಳಬಾರದು ಅನ್ನುವ ಕಾಳಜಿ ಅದರಲ್ಲಿದೆ.

ನಿಮ್ಮ ಕಾಂಡೋಮಿನಿಯಂನ ಎಲ್ಲರ ಶೇಕಡಾ ಕೂಡಿಸಿ ನೋಡಿ. ಮೊತ್ತ 100 ಬರಬೇಕು. ಬರದಿದ್ದರೆ ಡಿಕ್ಲರೇಶನ್‌ನಲ್ಲೇ ತಪ್ಪಿದೆ.

ಖಾತಾ ಎಲ್ಲಿ ಸಿಗುತ್ತೆ? ಇಸಿ (ಋಣಭಾರ ಪತ್ರ) ಎಲ್ಲಿ?

ಆ ಹೆಸರಿನಲ್ಲಿ ಇಲ್ಲಿ ಹುಡುಕಬೇಡಿ. ಜಮೀನಿಗೆ ಪ್ರಾಪರ್ಟಿ ಕಾರ್ಡ್ ಅಥವಾ ಸಾತ್‌ಬಾರಾ, ತೆರಿಗೆಗೆ ಪಾಲಿಕೆಯ ಬಿಲ್ಲು, ಸದಸ್ಯತ್ವಕ್ಕೆ ಶೇರ್ ಸರ್ಟಿಫಿಕೇಟ್. ಇಸಿಯ ಬದಲು ವಕೀಲರಿಂದ 30 ವರ್ಷದ ಸರ್ಚ್ ರಿಪೋರ್ಟ್ ಮಾಡಿಸುತ್ತಾರೆ. ನೋಂದಣಿ ಇಲಾಖೆಯ ಜಾಲತಾಣದ ಇ-ಸರ್ಚ್‌ನಲ್ಲಿ ನೀವೂ ಹುಡುಕಬಹುದು. ಹುಡುಕಲು ಬೇಕಾಗುವುದು ಗ್ರಾಮ ಮತ್ತು ನಂಬರ್, ಅಂದರೆ ಮತ್ತೆ ಅದೇ ಷೆಡ್ಯೂಲ್.

ಇಂಡೆಕ್ಸ್ 2 ಪೂರ್ತಿ ಮರಾಠಿಯಲ್ಲಿದೆ. ಓದೋದು ಹೇಗೆ?

ನೋಂದಣಿಯಾದ ಪತ್ರದ ಸಾರಾಂಶ ಅದು, 'ಸೂಚಿ ಕ್ರಮಾಂಕ 2'. ಬ್ಯಾಂಕಿನವರು ಮೊದಲು ಕೇಳುವುದೂ ಅದನ್ನೇ. ನೀವು ನೋಡಬೇಕಾದ ಸಾಲುಗಳು ಮುಖ್ಯವಾಗಿ ಎರಡು: 4ನೆಯದು 'ಭೂಮಾಪನ, ಪೋಟಹಿಸ್ಸಾ ವ ಘರಕ್ರಮಾಂಕ', 5ನೆಯದು 'ಕ್ಷೇತ್ರಫಳ'. ನಾಲ್ಕನೇ ಸಾಲಿನಲ್ಲಿ ನಿಮ್ಮ ಫ್ಲಾಟಿನ ವಿವರಣೆ ಪೂರ್ತಿ ಬರುತ್ತದೆ. ಸದನಿಕಾ ಅಂದರೆ ಫ್ಲಾಟ್, ಮಜಲಾ ಅಂದರೆ ಮಹಡಿ, ಇಮಾರತ್ ಅಂದರೆ ಕಟ್ಟಡ, ಗಾಳಾ ಅಂದರೆ ಅಂಗಡಿ ಅಥವಾ ಉದ್ಯಮದ ಘಟಕ. ಬೆಳಗಾವಿ, ವಿಜಯಪುರದ ಕಡೆಯವರಿಗೆ ಮೌಜೆ, ಹಿಸ್ಸಾ, ಉತಾರ ಇವು ಹೇಗೂ ಗೊತ್ತಿರುತ್ತವೆ.

ಸಹಿಗೆ ಮುಂಚೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕಂಪ್ಯೂಟರಿಗೆ ತುಂಬಿದ ವಿವರವನ್ನು ಮುದ್ರಿಸಿ ನಿಮ್ಮ ಕೈಗೆ ಕೊಡುತ್ತಾರೆ. ಸಾಲು ಉದ್ದ ಇದೆ, ಹಿಂದೆ ಜನ ಕಾಯುತ್ತಿದ್ದಾರೆ ಅಂತ ಸುಮ್ನೆ ತಲೆಯಾಡಿಸಬೇಡಿ. ನಿಂತು ಓದಿ. ಮೂಲ ಪತ್ರದಲ್ಲಿ 704 ಇದ್ದು ಇಂಡೆಕ್ಸ್‌ನಲ್ಲಿ 407 ಆದರೆ ಮುಂದೆ ಹುಡುಕುವವರಿಗೆ ನಿಮ್ಮ ಪತ್ರ ಸಿಗುವುದೇ ಇಲ್ಲ.

ಅಗ್ರಿಮೆಂಟ್‌ನಲ್ಲಿ 600 ಚದರ ಅಡಿ. ಇಂಡೆಕ್ಸ್‌ನಲ್ಲಿ 66.89 ಚದರ ಮೀಟರ್. ಬ್ರೋಕರ್ 850 ಅಂದಿದ್ದರು. ಯಾವುದು ನಿಜ?

ಮೂರೂ ಬೇರೆ ಬೇರೆ ಅಳತೆ. 1 ಚದರ ಮೀಟರ್ ಅಂದರೆ 10.764 ಚದರ ಅಡಿ. 600 ಚದರ ಅಡಿ ಕಾರ್ಪೆಟ್ ಅಂದರೆ 55.74 ಚದರ ಮೀಟರ್. ಹಳೆಯ ಲೆಕ್ಕದ ಕಾರ್ಪೆಟ್‌ಗೆ 1.2 ಪಟ್ಟು ಹಿಡಿದು, ಗೋಡೆಗಳನ್ನೂ ಸೇರಿಸಿದ ಅಳತೆಯಾದ ಬಿಲ್ಟ್‌ಅಪ್ ಮಾಡುವ ರೂಢಿ ಸ್ಟಾಂಪ್ ಡ್ಯೂಟಿಯ ಲೆಕ್ಕದಲ್ಲಿದೆ. 55.74ಕ್ಕೆ 1.2 ಪಟ್ಟು ಮಾಡಿದರೆ 66.89. ಅಂದರೆ ಇಂಡೆಕ್ಸ್‌ನಲ್ಲಿರುವುದು ಬಿಲ್ಟ್‌ಅಪ್. ಪಕ್ಕದಲ್ಲಿ 'ಬಿಲ್ಟ್‌ಅಪ್' ಅನ್ನುವ ಮಾತು ಇದೆಯಾ ನೋಡಿ, ಇಲ್ಲದಿದ್ದರೆ ಗೊಂದಲ ಮುಂದೆಯೂ ಉಳಿಯುತ್ತದೆ. ಬ್ರೋಕರ್ ಹೇಳಿದ 850 ಸೂಪರ್ ಬಿಲ್ಟ್‌ಅಪ್ ಇರಬೇಕು. ಲಾಬಿ, ಲಿಫ್ಟು, ಮೆಟ್ಟಿಲು ಎಲ್ಲ ಸೇರಿಸಿ ಹಿಗ್ಗಿಸಿದ ಸಂಖ್ಯೆ ಅದು. ಅದನ್ನು ನಂಬಿ ದರ ಲೆಕ್ಕ ಹಾಕಬೇಡಿ.

ಕಾರ್ಪೆಟ್‌ನಲ್ಲೂ ಎರಡು ಬಗೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಕಾರ್ಪೆಟ್‌ನಲ್ಲಿ ಒಳಗಿನ ಗೋಡೆಗಳು ಸೇರುತ್ತವೆ. ಹೊರಗೋಡೆ, ಪೈಪು ಹೋಗುವ ಶಾಫ್ಟು, ನಿಮ್ಮದೇ ಆದ ಬಾಲ್ಕನಿ, ನಿಮ್ಮದೇ ಆದ ತೆರೆದ ಟೆರೇಸು ಸೇರುವುದಿಲ್ಲ. 1963ರ ಕಾಯ್ದೆಯ ಅಗ್ರಿಮೆಂಟಿನಲ್ಲಿ ಬಾಲ್ಕನಿ ಸೇರಿಸಿದ ಕಾರ್ಪೆಟ್ ಬರೆದು ಬಾಲ್ಕನಿಯ ಅಳತೆಯನ್ನು ಬೇರೆಯಾಗಿ ತೋರಿಸಬೇಕಿತ್ತು. ಹಾಗಾಗಿ 1995ರ ಫ್ಲಾಟಿನ 600 ಮತ್ತು 2020ರ ಫ್ಲಾಟಿನ 600 ಒಂದೇ ಅಲ್ಲ. ಹೊಸ ಅಗ್ರಿಮೆಂಟಿನಲ್ಲಿ 'ರೇರಾ ಕಾರ್ಪೆಟ್ ಇಷ್ಟು, ಬಾಲ್ಕನಿ ಇಷ್ಟು, ಟೆರೇಸು ಇಷ್ಟು' ಅಂತ ಬಿಡಿಬಿಡಿಯಾಗಿ ಬರೆಸಿ.

ಕಟ್ಟಿ ಮುಗಿಸಿದ ಮೇಲೆ ಅಳತೆ ಕಡಿಮೆ ಬಂದರೆ? ಮಹಾರಾಷ್ಟ್ರದ ರೇರಾ ಪ್ರಾಧಿಕಾರವಾದ ಮಹಾರೇರಾದ ಮಾದರಿ ಅಗ್ರಿಮೆಂಟಿನಲ್ಲಿ ಶೇಕಡಾ 3ರಷ್ಟು ಏರುಪೇರಿಗೆ ಅವಕಾಶವಿದೆ. ಅದನ್ನು ಮೀರಿ ಕಡಿಮೆಯಾದರೆ ಹೆಚ್ಚಿಗೆ ತೆಗೆದುಕೊಂಡ ಹಣವನ್ನು ಬಡ್ಡಿ ಸೇರಿಸಿ ಬಿಲ್ಡರ್ ಮರಳಿಸಬೇಕು. ಕೀಲಿ ತೆಗೆದುಕೊಳ್ಳುವ ದಿನ ಟೇಪು ಹಿಡಿದುಕೊಂಡೇ ಹೋಗಿ.

ಪಾರ್ಕಿಂಗ್ ಜಾಗವನ್ನೂ ಫ್ಲಾಟಿನ ವಿವರಣೆಯಲ್ಲಿ ಬರೆಸಬೇಕಾ?

ಬರೆಸಬೇಕು, ಆದರೆ ಯಾವ ಬಗೆಯ ಪಾರ್ಕಿಂಗ್ ಅಂತ ತಿಳಿದು. ದಹಿಸರ್‌ನ ಪಾಂಚಾಲಿ ಸೊಸೈಟಿಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗ್ ಫ್ಲಾಟ್ ಅಲ್ಲ, ಅದು ಸಾಮಾನ್ಯ ಜಾಗ, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ. ತೆರೆದ ಪಾರ್ಕಿಂಗನ್ನು ರೇರಾ ಕಾಲದಲ್ಲೂ ಮಾರುವಂತಿಲ್ಲ. ಮುಚ್ಚಿದ ಪಾರ್ಕಿಂಗ್ ಅಥವಾ ಗ್ಯಾರೇಜ್ ಕೊಡುತ್ತಿದ್ದರೆ ಅದರ ನಂಬರ್, ಯಾವ ಮಹಡಿ, ಉದ್ದ, ಅಗಲ, ಎತ್ತರ ಎಲ್ಲ ಪತ್ರದಲ್ಲಿರಬೇಕು. 2024ರಲ್ಲಿ ಮಹಾರೇರಾ ಈ ವಿವರವನ್ನು ಅಗ್ರಿಮೆಂಟಿಗೆ ಲಗತ್ತಿಸಬೇಕೆಂದು ಹೇಳಿದೆ. ಕಂಬ ಅಡ್ಡ ಬಂದು ಕಾರೇ ಒಳಗೆ ಹೋಗದ ಪಾರ್ಕಿಂಗ್‌ಗಳು ಎಷ್ಟು ಬೇಕು! ಅಳತೆ ಬರೆಸಿದ್ದರೆ ಕೇಳಲು ಬಾಯಿ ಇರುತ್ತದೆ.

ಸೊಸೈಟಿ ಕೊಟ್ಟ ಪಾರ್ಕಿಂಗ್ ಆಗಿದ್ದರೆ ಅದು ಬಳಸುವ ಹಕ್ಕು ಮಾತ್ರ. ಮರುಮಾರಾಟದ ಪತ್ರದಲ್ಲಿ ಅದನ್ನು ಒಡೆತನ ಅನ್ನುವ ಹಾಗೆ ಬರೆದರೆ ಆ ಮಾತಿಗೆ ಬೆಲೆ ಇಲ್ಲ.

ಗೇಟಿನ ಬೋರ್ಡಿನಲ್ಲಿ 'ಸಿ ವಿಂಗ್'. ಪತ್ರದಲ್ಲಿ 'ಬಿಲ್ಡಿಂಗ್ ನಂ. 3'. ಬ್ಯಾಂಕ್ ಸಾಲ ತಡೆಹಿಡಿದಿದೆ.

ಬಹಳ ಕಡೆ ಹೀಗಾಗುತ್ತದೆ. ಪಾಲಿಕೆಯ ನಕ್ಷೆ, ಓಸಿ (ವಾಸಕ್ಕೆ ಪಾಲಿಕೆ ಕೊಡುವ ಒಪ್ಪಿಗೆ ಪತ್ರ) ಎರಡರಲ್ಲೂ ನಂಬರ್ ಇರುತ್ತದೆ, ಸೊಸೈಟಿ ಆಮೇಲೆ ಚೆಂದದ ಹೆಸರಿಡುತ್ತದೆ. ಎರಡೂ ಒಂದೇ ಕಟ್ಟಡ ಅಂತ ಸೊಸೈಟಿಯಿಂದ ಪತ್ರ ತೆಗೆದುಕೊಳ್ಳಿ, ಬಿಲ್ಡರ್ ಅಥವಾ ಆರ್ಕಿಟೆಕ್ಟ್ ಕೊಟ್ಟರೆ ಇನ್ನೂ ಒಳ್ಳೆಯದು. ಮುಂದಿನ ಪತ್ರದಲ್ಲಿ 'ಮಂಜೂರಾದ ನಕ್ಷೆಯಲ್ಲಿ ಬಿಲ್ಡಿಂಗ್ ನಂ. 3, ಈಗ ಸಿ ವಿಂಗ್ ಎಂದು ಕರೆಯುವುದು' ಅಂತ ಎರಡನ್ನೂ ಸೇರಿಸಿ ಬರೆಸಿ. ಮಹಡಿಯ ಲೆಕ್ಕದಲ್ಲೂ ಇದೇ ತೊಡಕು. ಪೋಡಿಯಂ (ಕೆಳಗಿನ ಪಾರ್ಕಿಂಗ್ ಮಹಡಿಗಳು) ಎಣಿಸಿದರೆ 7, ಬಿಟ್ಟರೆ 5. ಓಸಿಯಲ್ಲಿ ಹೇಗಿದೆಯೋ ಹಾಗೆ ಬರೆಯಿರಿ.

ಎರಡು ಫ್ಲಾಟ್ ಸೇರಿಸಿ ಒಂದು ಮಾಡಿಕೊಂಡಿದ್ದೇವೆ. ಒಂದೇ ನಂಬರ್ ಬರೆದರೆ ಸಾಕಾ?

ಸಾಲದು. ಜೋಡಿ ಫ್ಲಾಟ್ ಆದರೂ ದಾಖಲೆಯಲ್ಲಿ ಎರಡೇ. ಎರಡರ ನಂಬರ್, ಎರಡರ ಅಳತೆ, ಎರಡರ ಶೇರು ಬರೆಯಬೇಕು. ಗೋಡೆ ತೆಗೆಯಲು ಪಾಲಿಕೆಯ ಅನುಮತಿ ಇದ್ದರೆ ಅದನ್ನೂ ನಮೂದಿಸಿ.

ಪಗಡಿ (ಮುಂಗಡ ಹಣ ಕೊಟ್ಟು ಬಾಡಿಗೆಗೆ ಹಿಡಿದ) ಕೋಣೆಗೆ ಇಂಥ ವಿವರಣೆ ಬೇಕಾ? ನವಿ ಮುಂಬೈ, ಗೋವಾ ಕಥೆ ಏನು?

ಪಗಡಿಯಲ್ಲಿ ನೀವು ಬಾಡಿಗೆದಾರರು. ಕೋಣೆ ನಂಬರ್, ಚಾಳಿನ ಹೆಸರು, ಬಾಡಿಗೆ ರಸೀದಿ ಇವೇ ಗುರುತು. ಒಡೆತನದ ಮಾತು ಬರೆಸಿದರೂ ಒಡೆತನ ಬರುವುದಿಲ್ಲ.

ನವಿ ಮುಂಬೈಯನ್ನು ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋದ ಜಾಗಗಳು ಹೆಚ್ಚಾಗಿ ಲೀಸಿನವು. ವಿವರಣೆಯಲ್ಲಿ ನೋಡ್ (ಬಡಾವಣೆ), ಸೆಕ್ಟರ್, ಪ್ಲಾಟ್ ನಂಬರ್ ಬರುತ್ತವೆ. ಲೀಸಿನ ಅವಧಿ, ಶುರುವಾದ ತಾರೀಕು ಎರಡೂ ಇರಲಿ.

ಗೋವಾದ ಪಟ್ಟಣಗಳಲ್ಲಿ ನಗರ ಸರ್ವೆಯ ಚಲ್ತಾ ನಂಬರ್ ಮತ್ತು ಪಿಟಿ ಶೀಟ್ (ನಕ್ಷೆಯ ಹಾಳೆ) ನಂಬರ್, ಹಳ್ಳಿಗಳಲ್ಲಿ ಸರ್ವೆ ನಂಬರ್ ಮತ್ತು ಉಪವಿಭಾಗ. ಹಳೆಯ ಆಸ್ತಿಗಳಿಗೆ ಪೋರ್ಚುಗೀಸ್ ಕಾಲದ ನೋಂದಣಿಯ ವಿವರಣೆ ನಂಬರ್ ಮತ್ತು ಮಾತ್ರಿಜ್ (ತೆರಿಗೆ ದಾಖಲೆ) ನಂಬರ್ ಕೂಡ ಇರುತ್ತವೆ. ಅವನ್ನು ಹಳೆಯದಾಯಿತು ಅಂತ ಬಿಟ್ಟುಬಿಡಬೇಡಿ.

ನೋಂದಣಿಯಾದ ಮೇಲೆ ತಪ್ಪು ಕಂಡಿತು. ಏನು ಮಾಡೋದು?

ಎರಡೂ ಕಡೆಯವರು ಒಪ್ಪಿದರೆ ತಿದ್ದುಪಡಿ ಪತ್ರ ಮಾಡಿ ನೋಂದಣಿ ಮಾಡಿಸಬೇಕು. ಇಲ್ಲಿ ಅದನ್ನು 'ಚೂಕ್ ದುರುಸ್ತಿ ಪತ್ರ' ಅನ್ನುತ್ತಾರೆ. ಹಳೆಯ ಪತ್ರದ ನಂಬರ್, ತಾರೀಕು, ತಪ್ಪಾಗಿ ಬಿದ್ದ ಸಾಲು, ಸರಿಯಾದ ಸಾಲು ನಾಲ್ಕೂ ಅದರಲ್ಲಿ ಸ್ಪಷ್ಟವಾಗಿರಲಿ. ಸಹಿ ಹಾಕಿದ 4 ತಿಂಗಳೊಳಗೆ ನೋಂದಣಿಗೆ ಕೊಡಬೇಕು. ಪೆನ್ನಿನಿಂದ ಹೊಡೆದು ಬರೆದು ಇನಿಶಿಯಲ್ ಹಾಕಿದರೆ ಸಾಲದು. ಏರಿಯಾ ಹೆಚ್ಚಾಗುವ ತಿದ್ದುಪಡಿಯಾದರೆ ಹೆಚ್ಚಿದ ಭಾಗಕ್ಕೆ ಸ್ಟಾಂಪ್ ಡ್ಯೂಟಿ ಕೇಳಬಹುದು.

ಮಾರಿದವರು ತೀರಿಹೋಗಿದ್ದರೆ ಅವರ ವಾರಸುದಾರರು ಸಹಿ ಹಾಕಬೇಕಾಗುತ್ತದೆ. ಯಾರೂ ಒಪ್ಪದಿದ್ದರೆ 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 26ನೇ ಕಲಮಿನಲ್ಲಿ ಕೋರ್ಟಿಗೆ ಹೋಗಬಹುದು. ಎರಡೂ ಕಡೆಯವರ ತಪ್ಪು ತಿಳಿವಳಿಕೆಯಿಂದ ಅಥವಾ ಮೋಸದಿಂದ ಪತ್ರದಲ್ಲಿ ಬೇರೆಯೇ ಬಂದಿದೆ ಅಂತ ತೋರಿಸಬೇಕು. ಅದು ನಿಧಾನದ ದಾರಿ. ಮಾರಿದವರು ಫೋನ್ ಎತ್ತುತ್ತಿರುವಾಗಲೇ ತಪ್ಪು ಹುಡುಕಿ.

ಕಟ್ಟಡ ರಿಡೆವಲಪ್‌ಮೆಂಟ್‌ಗೆ ಹೋಗ್ತಿದೆ. ಹಳೆಯ ಪತ್ರದ ವಿವರಣೆಗೆ ಈಗ ಏನು ಬೆಲೆ?

ಎಲ್ಲ ಬೆಲೆಯೂ ಅದಕ್ಕೇ. 'ಈಗಿನ ಕಾರ್ಪೆಟ್‌ಗೆ ಇಷ್ಟು ಶೇಕಡಾ ಹೆಚ್ಚು' ಅಂತ ಬಿಲ್ಡರ್ ಮಾತು ಕೊಡುತ್ತಾನೆ. ಈಗಿನ ಕಾರ್ಪೆಟ್ ಎಷ್ಟು? 1970ರ ದಶಕದ ಪತ್ರಗಳಲ್ಲಿ ಎಷ್ಟೋ ಸಲ ಬಿಲ್ಟ್‌ಅಪ್ ಮಾತ್ರ ಇರುತ್ತದೆ, ಕೆಲವದರಲ್ಲಿ ಅಳತೆಯೇ ಇರುವುದಿಲ್ಲ. ಆಗ ಪಾಲಿಕೆಯಲ್ಲಿರುವ ಮಂಜೂರಾದ ನಕ್ಷೆಯೇ ಆಧಾರ. ಸೊಸೈಟಿ ತನ್ನದೇ ಆರ್ಕಿಟೆಕ್ಟ್ ಕೈಲಿ ಎಲ್ಲ ಫ್ಲಾಟ್ ಅಳೆಸಿ, ಪಟ್ಟಿ ಮಾಡಿ, ಸದಸ್ಯರೆಲ್ಲರ ಸಹಿ ಪಡೆದ ಮೇಲೆ ಮಾತುಕತೆಗೆ ಕೂರಲಿ. ಬಾಲ್ಕನಿ ಮುಚ್ಚಿಕೊಂಡ ಜಾಗ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಆಗಲೇ ತೀರ್ಮಾನವಾಗಲಿ. ಹೊಸ ಫ್ಲಾಟಿನ ಅಗ್ರಿಮೆಂಟಿನಲ್ಲಿ ಹಳೆಯ ಫ್ಲಾಟ್ ನಂಬರ್, ಹಳೆಯ ಅಳತೆ, ಹೊಸ ನಂಬರ್, ಮಹಡಿ, ರೇರಾ ಕಾರ್ಪೆಟ್ ಎಲ್ಲ ಒಂದೇ ಷೆಡ್ಯೂಲಿನಲ್ಲಿ ಬರಬೇಕು.

ಫ್ಲಾಟ್ ಅಮ್ಮನ ಹೆಸರಲ್ಲಿದೆ. ಅವರು ಉಡುಪಿಯಲ್ಲಿದ್ದಾರೆ, ಬರೋಕ್ಕಾಗಲ್ಲ. ಪವರ್ ಆಫ್ ಅಟಾರ್ನಿಯಲ್ಲಿ ಫ್ಲಾಟಿನ ವಿವರಣೆ ಬೇಕಾ?

ಪೂರ್ತಿ ಬೇಕು. 'ಮುಂಬೈಯಲ್ಲಿರುವ ನನ್ನ ಫ್ಲಾಟ್' ಅಂತ ಬರೆದರೆ ಇಲ್ಲಿ ನಡೆಯುವುದಿಲ್ಲ. ಉಡುಪಿಯಲ್ಲಿ ಪತ್ರ ಬರೆಯುವವರಿಗೆ ಸಿಟಿಎಸ್, ಶೇರು ನಂಬರ್ ಇವೆಲ್ಲ ರೂಢಿ ಇರುವುದಿಲ್ಲ. ಹಾಗಾಗಿ ಇಂಡೆಕ್ಸ್ 2 ಮತ್ತು ಶೇರ್ ಸರ್ಟಿಫಿಕೇಟ್‌ನ ಪ್ರತಿಗಳನ್ನು ನೀವೇ ಕಳಿಸಿ. ಅದರಲ್ಲಿರುವುದನ್ನು ಅಕ್ಷರ ಬಿಡದೇ ಇಳಿಸಲಿ. ಅಮ್ಮನ ಪರವಾಗಿ ಇಲ್ಲಿ ಪತ್ರವನ್ನು ನೋಂದಣಿಗೆ ಹಾಜರು ಮಾಡುವುದಿದ್ದರೆ, ಅವರು ವಾಸವಿರುವ ಕಡೆಯ ಸಬ್‌ರಿಜಿಸ್ಟ್ರಾರ್ ಮುಂದೆಯೇ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿ ದೃಢೀಕರಣ ಪಡೆಯಬೇಕು. ನೋಟರಿ ಸಹಿಯೊಂದೇ ಆ ಕೆಲಸಕ್ಕೆ ಸಾಲದು. ಸಹಿಗೆ ಮುಂಚೆ ಕರಡನ್ನು ಇಲ್ಲಿನ ವಕೀಲರಿಗೆ ವಾಟ್ಸಾಪ್‌ನಲ್ಲಿ ಕಳಿಸಿ ಒಮ್ಮೆ ಓದಿಸಿ. ಅಮ್ಮನಿಗೂ ಕನ್ನಡದಲ್ಲಿ ಓದಿ ಹೇಳಿ. ಯಾವ ಫ್ಲಾಟಿಗೆ, ಯಾವ ಕೆಲಸಕ್ಕೆ ಅಧಿಕಾರ ಕೊಡುತ್ತಿದ್ದೇನೆ ಅಂತ ಅವರಿಗೆ ಗೊತ್ತಿರಬೇಕು.